ಮೂರನೇ ಮಹಡಿಯ ಶಿಸ್ತು

ನಮ್ಮ ಅಗ್ನಿಶಾಮಕ ಠಾಣೆಯ ಹಿರಿಯನನ್ನು ನಾವೆಲ್ಲ ದೊಡ್ಡಣ್ಣ ಅನ್ನುತ್ತೇವೆ. ಪ್ರತಿ ವರ್ಷ ಮಂಚದ ಮೇಲೆ ಮಲಗಿಸಿ ಇಸಿಜಿ ತೆಗೆದಾಗ ಅವನು ಗುಂಡುಕಲ್ಲು.

ಈ ಸಲ ಬಂದ ಡಾಕ್ಟರಮ್ಮ ಕೇಳಿದರು: “ಬೆಂಕಿ ಆರಿಸೋದೂ ಮಲಗಿಕೊಂಡೇನಾ?”

ನಮಗೆ ಮೈಯೆಲ್ಲ ಉರಿಯಿತು. ಅವರು ಬಿಡಲಿಲ್ಲ. ದೊಡ್ಡಣ್ಣನಿಗೂ ನಮ್ಮ ನಾಲ್ವರಿಗೂ ಕೋಟು, ಬೆನ್ನಿಗೆ ಉಸಿರಾಟದ ಸಿಲಿಂಡರ್ ಹಾಕಿಸಿ, ನೀರಿನ ಪೈಪು ಎಳೆಸುತ್ತ ತರಬೇತಿ ಗೋಪುರ ಹತ್ತಿಸಿದರು, ತಾವೂ ಹತ್ತಿದರು. ಮೂರನೇ ಮಹಡಿಯಲ್ಲಿ ದೊಡ್ಡಣ್ಣ ಎಂದಿನಂತೆ ನಿಂತು, ಬಗ್ಗಿ, ಪೈಪಿನ ಜೋಡಣೆ ಪರೀಕ್ಷಿಸಿದ. ಆ ಶಿಸ್ತನ್ನು ನಾವೆಲ್ಲ ಅವನಿಂದಲೇ ಕಲಿತವರು.

“ಅಣ್ಣಾ, ಜೋಡಣೆ ಕೆಳಗಡೆ ಇದೆ. ಇಲ್ಲೇನು ನೋಡ್ತಿದ್ದೀರಿ?” ಡಾಕ್ಟರಮ್ಮ ಕೇಳಿದರು.

ದೊಡ್ಡಣ್ಣ ಮೆಟ್ಟಿಲ ಮೇಲೆ ಕುಳಿತುಬಿಟ್ಟ. “ಸುಧಾರಿಸ್ಕೊಳ್ತಿದ್ದೀನಮ್ಮ. ಇಲ್ಲಿಗೆ ಬಂದ್ರೆ ಎದೆ ಹಿಡಿಯುತ್ತೆ.”

ಡಾಕ್ಟರಮ್ಮ ಹಿಂತಿರುಗಿ ನೋಡಿದರು. ನಾವು ನಾಲ್ವರೂ ಬಗ್ಗಿ ಪೈಪು ನೋಡುತ್ತಿದ್ದೆವು.

“ನಿಮಗೂನಾ?”

ಒಬ್ಬೊಬ್ಬರಾಗಿ ನಾವೂ ದೊಡ್ಡಣ್ಣನ ಪಕ್ಕ ಮೆಟ್ಟಿಲ ಮೇಲೆ ಕುಳಿತೆವು.