ಮೊದಲೇ ತೆಗೆದಿಟ್ಟ ಚೂರು

"ಫಾರ್ಮಲಿನ್ ಬೇಡ," ಎಂದು ಲ್ಯಾಬಿನವನು ಆಸ್ಪತ್ರೆಯವನ ಕೈ ಹಿಡಿದುಕೊಂಡುಬಿಟ್ಟ.

ಬಾಟಲಿಯ ಮುಚ್ಚಳ ಆಗಲೇ ಅರ್ಧ ತಿರುಗಿತ್ತು. ಕೂತವರೆಲ್ಲ ಟೈಲರ್ ಕಡೆ ನೋಡಿದರು. ಸತ್ತವಳು ಅವನ ಹೆಂಡತಿ. ಬೇಕು ಬೇಡ ಹೇಳಬೇಕಾದವನು ಅವನು. ಮಗಳು ದೂರದಿಂದ ಹೊರಟಿದ್ದಳು, ಬಂದು ಮುಟ್ಟುವುದು ಸಂಜೆಗೆ. ಸೆಕೆ ಬೇರೆ. ಅಲ್ಲಿಯವರೆಗೆ ದೇಹ ಕೆಡದಿರಲಿ, ಆ ಮದ್ದು ಚುಚ್ಚಲಿ ಎಂದು ಆಸ್ಪತ್ರೆಯವನನ್ನು ಕರೆಸಿದ್ದೂ ಅವನೇ.

"ಅವರಿಗೆ ಅದು ಬೇಡವಾಗಿತ್ತು. ನನ್ನ ಹತ್ರ ಹೇಳಿದ್ರು," ಎಂದ ಲ್ಯಾಬಿನವನು.

ನನ್ನ ಹತ್ರವಂತೆ! ಟೈಲರಿಗೆ ಪಿತ್ತ ನೆತ್ತಿಗೇರಿತು. ಇಷ್ಟು ವರ್ಷ ಸಂಸಾರ ಮಾಡಿದವನು ತಾನು. ತನಗೆ ಹೇಳದ್ದನ್ನು ಜೊತೆಗೆ ಕೆಲಸ ಮಾಡುವ ಇವನಿಗೆ ಹೇಳಿದಳೇ? ಹೆಣದ ಮುಂದೆ ಕೂಗಾಡಬಾರದೆಂದು ದನಿ ತಗ್ಗಿಸಿದ.

"ಇದು ನನ್ನ ಮನೆ. ನೀವು ಹಾಕಿ," ಎಂದು ಆಸ್ಪತ್ರೆಯವನಿಗೆ ಹೇಳಿದ.

ಆಸ್ಪತ್ರೆಯವನು ಇದಕ್ಕೂ ತನಗೂ ಸಂಬಂಧವೇ ಇಲ್ಲವೆಂಬಂತೆ ಒಂದು ಬಕೆಟ್ ಬಿಸಿನೀರು ಕೇಳಿದ. ಹೆಂಡತಿಯ ತಂಗಿ ನೀರು ಕಾಯಿಸಲು ಹೋದಳು.

*

ಮ್ಯೂಸಿಯಮ್ಮಿನಲ್ಲಿ ಜಾಡಿಗಳ ಕೋಣೆ ಅವಳದ್ದು. ಮೀನು, ಕಪ್ಪೆ, ಹಾವು ಏನೇ ಬರಲಿ, ಫಾರ್ಮಲಿನ್ನಿನಲ್ಲಿ ಅದ್ದಿಟ್ಟು, ಆಮೇಲೆ ಸ್ಪಿರಿಟ್ ತುಂಬಿದ ಜಾಡಿಗೆ ಇಳಿಸುವುದು ಅವಳ ಕೆಲಸ. ಲ್ಯಾಬಿನವನು ಬಂದದ್ದು ಆಮೇಲೆ, ತನ್ನದೊಂದು ದೊಡ್ಡ ಯಂತ್ರದ ಜೊತೆ. ಕಾರ್ಬನ್ನಿನಲ್ಲೂ ನೈಟ್ರೋಜನ್ನಿನಲ್ಲೂ ಹಗುರದ್ದು, ಭಾರದ್ದು ಎಂದು ಬಗೆಗಳಿವೆಯಂತೆ. ಚೂರು ಮಾಂಸದಲ್ಲಿ ಯಾವುದು ಎಷ್ಟಿದೆ ಎಂದು ಯಂತ್ರ ಅಳೆದರೆ, ಆ ಜೀವ ಏನು ತಿಂದು ಬೆಳೆದಿತ್ತೆಂದು ತಿಳಿಯುತ್ತದಂತೆ. ತೊಂದರೆ ಏನೆಂದರೆ, ಫಾರ್ಮಲಿನ್ ಹೊಕ್ಕ ಮಾಂಸದ ಲೆಕ್ಕ ಆಚೀಚೆ ಜರುಗಿರುತ್ತದೆ. ಎಷ್ಟು ಜರುಗುತ್ತದೆಂದು ಗೊತ್ತಾದರೆ ಹಳೇ ಜಾಡಿಗಳನ್ನೂ ನಂಬಬಹುದು. ಅದಕ್ಕೇ ಇಬ್ಬರೂ ವರ್ಷಗಟ್ಟಲೆ ಒಂದೇ ಕೆಲಸ ಮಾಡಿದರು: ಮೀನು ಬಂದ ಕೂಡಲೇ ಮೊದಲು ಒಂದು ಚೂರು ಕತ್ತರಿಸಿ ಐಸಿನಲ್ಲಿಡುವುದು, ಉಳಿದದ್ದನ್ನು ಜಾಡಿಗೆ ಹಾಕುವುದು, ಆಮೇಲೆ ಎರಡನ್ನೂ ತಾಳೆ ನೋಡುವುದು.

ಟೈಲರಿಗೆ ಇದೆಲ್ಲ ತಿಳಿದದ್ದು ಅರ್ಧಂಬರ್ಧ. "ಇವತ್ತು ಲ್ಯಾಬಲ್ಲಿ ಅವರು..." ಎಂದು ಅವಳು ಬಾಯಿ ತೆರೆದರೆ ಸಾಕು, ಇವನು ಹೊಲಿಗೆ ಮಿಷನ್ನಿನ ಪೆಡಲ್ ಒತ್ತುತ್ತಿದ್ದ. ಮಿಷನ್ ಗಡಗಡ ಎನ್ನುವಾಗ ಅವಳು ಸ್ವಲ್ಪ ಹೊತ್ತು ನಿಂತಿದ್ದು, ಕೈ ತೊಳೆಯಲು ಹೋಗುತ್ತಿದ್ದಳು. ಎಷ್ಟು ಸೋಪು ಉಜ್ಜಿದರೂ ಬೆರಳಿನ ಫಾರ್ಮಲಿನ್ ಘಾಟು ಹೋಗುತ್ತಿರಲಿಲ್ಲ.

ಮನೆಯಲ್ಲಿ ಅಡುಗೆ ಟೈಲರದ್ದು. ಅವನ ಅಂಗಡಿ ಮೀನು ಮಾರ್ಕೆಟ್ಟಿನ ಎದುರಿಗೇ ಇದ್ದದ್ದರಿಂದ ಅವಳ ಊಟದ ಡಬ್ಬಿಯಲ್ಲಿ ದಿನಾ ಮೀನು. ಸಂಜೆ ಡಬ್ಬಿ ತೊಳೆದಿಟ್ಟಂತೆ ಖಾಲಿಯಾಗಿ ಬರುತ್ತಿತ್ತು. ಬೇರೆ ಗಂಡನಾಗಿದ್ದರೆ ಹಿಗ್ಗುತ್ತಿದ್ದ. ಇವನಿಗೆ ಮಾತ್ರ, ಇಬ್ಬರು ಕೂತು ತಿಂದಿದ್ದಾರೆ ಎನಿಸುತ್ತಿತ್ತು.

ಒಂದು ದಿನ ಅವಳು ಮರೆತುಹೋದ ಡಬ್ಬಿ ಕೊಡಲು ಹೋದ. ಲ್ಯಾಬಿನಲ್ಲಿ ಯಾರೂ ಇರಲಿಲ್ಲ. ಲ್ಯಾಬಿನವನ ಮೇಜಿನ ಮೇಲೆ ಬೆರಳುದ್ದದ ಗಾಜಿನ ಕೊಳವೆ, ಅದರೊಳಗೆ ಸುರುಳಿ ಸುತ್ತಿದ ಕೂದಲು. ಬುಡ ಬಿಳಿ, ತುದಿ ಕಂದು. ಆ ಬಣ್ಣ ಹಚ್ಚಿದವನೇ ಇವನು, ಗುರುತು ಸಿಗದೆ ಇರುತ್ತದೆಯೇ? ಡಬ್ಬಿಯನ್ನು ಕಾವಲುಗಾರನ ಕೈಗೆ ಕೊಟ್ಟು ಬಂದವನು ಅಂದು ಒಂದು ಕೋಟಿಗೆ ಎರಡೂ ಎಡತೋಳು ಹೊಲಿದಿಟ್ಟ. ಅವಳನ್ನು ಏನೂ ಕೇಳಲಿಲ್ಲ. ಕೇಳಿದರೆ ಎಲ್ಲಿ ಹೌದು ಎಂದುಬಿಡುತ್ತಾಳೋ ಎಂಬ ಹೆದರಿಕೆ.

*

ಟೈಲರ್ ಲ್ಯಾಬಿನವನನ್ನು ಹಿತ್ತಲಿಗೆ ಕರೆದ.

"ಅವಳ ಕೂದಲು ನಿಮ್ಮ ಮೇಜಿನ ಮೇಲೆ ಯಾಕಿತ್ತು?"

ಲ್ಯಾಬಿನವನಿಗೆ ಮೊದಲು ಅರ್ಥವೇ ಆಗಲಿಲ್ಲ. ಆಮೇಲೆ ನೆನಪಾಗಿ ಹೇಳಿದ. ಯಂತ್ರ ಸರಿಯಿದೆಯೇ ಎಂದು ನೋಡಲು ಅಲ್ಲಿ ಎಲ್ಲರೂ ಒಂದೊಂದು ಎಳೆ ಕೂದಲು ಕೊಟ್ಟಿದ್ದರು. ಮಧ್ಯಾಹ್ನ ಎಲ್ಲರದ್ದೂ ಕ್ಯಾಂಟೀನ್ ಊಟ, ಹಾಗಾಗಿ ಲೆಕ್ಕವೂ ಹತ್ತಿರಹತ್ತಿರ ಬಂತು. ಅವಳದ್ದು ಮಾತ್ರ ಎಲ್ಲೋ ಮೇಲೆ. ಫಾರ್ಮಲಿನ್ ಕೈ ತಾಗಿರಬೇಕೆಂದು ಇನ್ನೊಮ್ಮೆ ತೊಳೆದ ಕೂದಲು ಕೇಳಿ ಪಡೆದ. ಮತ್ತೆ ಅದೇ.

"ಆಗ ನಕ್ಕುಬಿಟ್ರು. 'ದಿನಾ ನಮ್ಮನೆಯವರು ಕಟ್ಟಿಕೊಡೋ ಮೀನಿನ ಡಬ್ಬಿ ಖಾಲಿ ಮಾಡೋಳು ನಾನು, ನಿಮ್ಮ ಲೆಕ್ಕಕ್ಕೆ ಹೇಗೆ ಸಿಗ್ತೀನಿ?' ಅಂದ್ರು. ನಾನು ಎಷ್ಟು ಸಲ ಕರೆದಿದ್ದೆ ಊಟಕ್ಕೆ. ಒಂದು ದಿನಾನೂ ಬರಲಿಲ್ಲ. ರುಚಿ ನೋಡೋಕೂ ಒಂದು ತುಂಡು ಕೊಟ್ಟೋರಲ್ಲ. ನಂಗೂ ಹೊಟ್ಟೆ ಉರೀತಿತ್ತು," ಎಂದ.

ಒಳಗೆ ಹೆಂಡತಿಯ ಹೆಣವಿರುವಾಗ ಟೈಲರಿಗೆ ಖುಷಿಯಾಯಿತು. ತಡೆಯಲಾರದ ಖುಷಿ. ಅದಕ್ಕೆ ನಾಚಿ, ಫಾರ್ಮಲಿನ್ ಯಾಕೆ ಬೇಡ ಅಂದಿದ್ದಳೆಂದು ಕೇಳಿದ.

"ಅದು ಒಳಗೆ ಹೋದ್ರೆ ತಿಂದಿದ್ದು ಒಂದು, ತೋರ್ಸೋದು ಇನ್ನೊಂದು ಅಂತಿದ್ರು. 'ನಾನು ಸತ್ತಾಗ ನಂಗೆ ಹಾಕಬೇಡಿ' ಅಂತ. ಮನೇಲಿ ಹೇಳಿ ಅಂದೆ. ಹೇಳೋಕೆ ಹೋದ್ರೆ ಮಿಷನ್ ಓಡಿಸ್ತಾರೆ ಅಂದ್ರು."

ಟೈಲರ್ ಬಾಗಿಲ ಕಡೆ ಓಡಿದ.

ಬಕೆಟ್ ಬಂದಿತ್ತು. ಆಸ್ಪತ್ರೆಯವನು ಸೂಜಿ ಎತ್ತಿದ್ದ. "ನಿಲ್ಲಿಸಿ," ಎಂದು ಟೈಲರ್ ಒಳಗೆ ನುಗ್ಗಿದ.

"ಸಂಜೆ ತನಕ ಏನು ಮಾಡ್ತೀರಿ ಭಾವ?" ಎಂದು ಹೆಂಡತಿಯ ತಂಗಿ ಕೇಳಿದಳು.

"ಐಸ್ ತರ್ತಾರೆ ಇವರು. ಮೀನಿಗೆ ಹಾಕಿ ಅಭ್ಯಾಸ ಇದೆಯಲ್ಲ."

ಲ್ಯಾಬಿನವನು ಹೋಗಿ ಪೆಟ್ಟಿಗೆಗಟ್ಟಲೆ ಐಸ್ ತಂದ. ಇಬ್ಬರೂ ಸೇರಿ ಅವಳ ಸುತ್ತ ಒಟ್ಟಿದರು. ಇವನ ಕೈ ಎಲ್ಲಿ ಅವಳಿಗೆ ತಾಗುತ್ತದೋ ಎಂದು ಟೈಲರ್ ಆಗಲೂ ಕಣ್ಣಿಟ್ಟೇ ಇದ್ದ.

ಆಮೇಲೆ ಕತ್ತರಿ ತಂದು, ಅವಳ ತಲೆಯನ್ನು ಮೆಲ್ಲಗೆ ವಾಲಿಸಿ, ಹಿಂಭಾಗದಲ್ಲಿ ಬುಡಕ್ಕೇ ಒಂದು ಎಳೆ ಕತ್ತರಿಸಿದ. ಲ್ಯಾಬಿನವನ ಕೈ ಅಭ್ಯಾಸಬಲದಿಂದ ಜೇಬಿಗೆ ಹೋಯಿತು. ಗಾಜಿನ ಕೊಳವೆಯ ಮುಚ್ಚಳ ತೆಗೆದು ಮುಂದೆ ಹಿಡಿದ.

ಟೈಲರ್ ಅದನ್ನು ನೋಡಿದ. ಕೂದಲನ್ನು ಬೆರಳಿಗೆ ಸುತ್ತಿ, ತನ್ನ ಅಂಗಿಜೇಬಿನಲ್ಲಿ ಬಟ್ಟೆಗೆ ಗುರುತು ಹಾಕುವ ಸುಣ್ಣದ ಬಿಲ್ಲೆಯ ಪಕ್ಕ ಇಟ್ಟುಕೊಂಡು, ಮೇಲಿಂದ ಅಂಗೈ ಒತ್ತಿದ.

"ನಿಮ್ಮ ಹತ್ರ ಒಂದಿದೆಯಲ್ಲ," ಎಂದ.

ಲ್ಯಾಬಿನವನು ಖಾಲಿ ಕೊಳವೆಗೆ ಮುಚ್ಚಳ ತಿರುಗಿಸತೊಡಗಿದ.