ಅಣ್ಣನ ಎಡಭುಜ

ಹನ್ನೊಂದನೆಯ ದಿನದ ಹೊತ್ತಿಗೆ ನಮಗೆ ನಮ್ಮ ಹಾಡುಗಳ ಮೇಲೇ ಜಿಗುಪ್ಸೆ ಹುಟ್ಟಿತ್ತು. ಇಪ್ಪತ್ತೆರಡು ವರ್ಷ ಕಾಲೇಜು ವೇದಿಕೆ, ಹೋಟೆಲಿನ ಮೂಲೆ, ಕಾರ್ಖಾನೆಯ ವಾರ್ಷಿಕೋತ್ಸವ ಅಂತ ಸಿಕ್ಕಸಿಕ್ಕಲ್ಲಿ ಬಾರಿಸಿ, ಕೊನೆಗೂ ಒಂದು ರಾಕ್ ಆಲ್ಬಮ್ ಮಾಡೋಣ ಎಂದು ಹೊರಟಿದ್ದೆವು. ತಂಡ ಅಂದರೆ ಮೂವರೇ. ಹಾಡುತ್ತ ಗಿಟಾರ್ ನುಡಿಸುವವನು ನನ್ನ ಗಂಡ, ಬೇಸ್ ಗಿಟಾರ್ ನನ್ನದು, ಡ್ರಮ್ಸ್ ನನ್ನ ಅಣ್ಣನದು. ಮೂವರಿಗೂ ಕೂದಲು ನೆರೆತಿದೆ. ನನ್ನ ಗಂಡನಿಗೆ ನೆರೆಯಲು ಕೂದಲೇ ಉಳಿದಿಲ್ಲ, ಆ ಮಾತು ಬೇರೆ.

ಸ್ಟುಡಿಯೋ ಇದ್ದದ್ದು ಟೈರ್ ಅಂಗಡಿಯೊಂದರ ಮೇಲೆ, ಎರಡು ಕೋಣೆ. ಹತ್ತು ಗಂಟೆಗೆ ಕೆಳಗೆ ಗಾಳಿ ತುಂಬುವ ಯಂತ್ರ ಶುರುವಾದರೆ ನಮ್ಮ ಕಾಲಡಿಯ ನೆಲ ನಡುಗುತ್ತಿತ್ತು. ಹಾಗಾಗಿ ರೆಕಾರ್ಡಿಂಗ್ ಏನಿದ್ದರೂ ಬೆಳಗ್ಗೆ ಆರರಿಂದ ಹತ್ತರೊಳಗೆ. ಆಮೇಲೆ ನಾನು ಕನ್ನಡಕದ ಅಂಗಡಿಗೆ, ಗಂಡ ಮಕ್ಕಳಿಗೆ ಗಣಿತ ಹೇಳಿಕೊಡಲು, ಅಣ್ಣ ತನ್ನ ಮರಗೆಲಸದ ಶೆಡ್ಡಿಗೆ. ದಿನವೂ ನಾಲ್ಕೂವರೆಗೆ ಎದ್ದು ಎದ್ದು ಹಿಂಡಿ ಹಿಪ್ಪೆಯಾಗಿದ್ದೆವು. ಒಂದು ದಿನ ಗಿರಾಕಿಯೊಬ್ಬರ ಕನ್ನಡಕವನ್ನು ನನ್ನ ಮೂಗಿಗೇ ಏರಿಸಿಕೊಂಡು, ಏನೂ ಕಾಣುತ್ತಿಲ್ಲವಲ್ಲ ಎಂದು ಗೊಣಗುತ್ತ ನಿಂತಿದ್ದೆ.

ಸ್ಟುಡಿಯೋದವನನ್ನು ನಾವು ಕಿವಿರಾಯ ಎನ್ನುತ್ತಿದ್ದೆವು. ಅವನಿಗೆ ಸೊಳ್ಳೆ ಹಾರಿದ್ದೂ ಕೇಳುತ್ತದೆ, ಎದುರು ಕೂತವರ ಮಾತು ಮಾತ್ರ ಕೇಳುವುದಿಲ್ಲ. ಮೊದಲ ದಿನವೇ ಅವನು, ಡ್ರಮ್ಸ್ ಕೋಣೆಗೂ ನಮ್ಮ ಕೋಣೆಗೂ ನಡುವಿನ ಗಾಜು ಅದುರುತ್ತದೆ ಎಂದು ಅದಕ್ಕೊಂದು ಹಳೆ ಹಾಸಿಗೆ ಅಡ್ಡ ನಿಲ್ಲಿಸಿದ. ಸ್ಟೂಲು ಹತ್ತಿ ಹಗ್ಗ ಬಿಗಿದವಳು ನಾನೇ. ಅಲ್ಲಿಂದ ಅಣ್ಣ ನಮಗೆ ಬರೀ ಕಿವಿಯಲ್ಲಿದ್ದ.

ಏಳನೆಯ ಹಾಡಿಗೆ ಬಂದು ಬಂಡಿ ಹೂತುಕೊಂಡಿತು. ರೆಕಾರ್ಡಿಂಗಿನಲ್ಲಿ ಮೂವರ ಹೆಡ್‌ಫೋನಿನಲ್ಲೂ ಟಕ್ ಟಕ್ ಎಂದು ಒಂದು ಶಬ್ದ ಬರುತ್ತಿರುತ್ತದೆ. ಕ್ಲಿಕ್ ಎನ್ನುತ್ತಾರೆ. ಲಯ ಅದಕ್ಕೆ ಅಂಟಿಕೊಂಡೇ ಹೋಗಬೇಕು. ಈ ಹಾಡಿನ ಮಧ್ಯೆ ಎಲ್ಲ ನಿಂತು, ಒಂದು ಗಳಿಗೆ ಸುಮ್ಮನಿದ್ದು, ಮೂವರೂ ಒಟ್ಟಿಗೆ ಎರಗುವ ಜಾಗವಿದೆ. ಹಾಡನ್ನು ಮತ್ತೆ ಮತ್ತೆ ರೆಕಾರ್ಡ್ ಮಾಡಿದ ಪ್ರತಿ ಟೇಕಿನಲ್ಲೂ ಅಲ್ಲಿ ಅಣ್ಣನ ಪೆಟ್ಟು ಕ್ಲಿಕ್ ಬಿಟ್ಟು ಹಿಂದೆ ಜಾರುತ್ತಿತ್ತು, ಆಮೇಲೆ ಅದನ್ನು ಹಿಡಿಯಲು ಓಡುತ್ತಿತ್ತು. ಮೂರು ದಿನ, ಮೂವತ್ತೊಂದು ಟೇಕ್. ಕಿವಿರಾಯ ಕಂಪ್ಯೂಟರ್ ಪರದೆಯ ಮೇಲೆ ಪೆಟ್ಟು ಬಿದ್ದ ಜಾಗದ ಗೀಟುಗಳನ್ನು ತೋರಿಸಿದ. ಡ್ರಮ್ಸಿನ ಗೀಟು ಎಲ್ಲೋ, ಕ್ಲಿಕ್ಕಿನ ಗೀಟು ಎಲ್ಲೋ. ವಯಸ್ಸಾದ ಕೈ, ಬಾಡಿಗೆಗೆ ಒಬ್ಬ ಡ್ರಮ್ಮರನ್ನು ಕರೆಸಿ, ಇಡೀ ಆಲ್ಬಮ್ ಅವನ ಕೈಯಲ್ಲೇ ಹೊಡೆಸಿ ಮುಗಿಸಿ ಎಂದ.

ನನಗೆ ಬೇಸ್ ಹಿಡಿಯಲು ಕಲಿಸಿದವನು ಅಣ್ಣ. ಲಯ ಗೊತ್ತಾಗಲಿ ಎಂದು ನನ್ನ ಬೆನ್ನ ಮೇಲೆ ಬೆರಳಲ್ಲಿ ಬಡಿಯುತ್ತಿದ್ದವನು. ಮದುವೆ, ಮನೆ, ಕಾರು ಯಾವುದಕ್ಕೂ ಆಸೆಪಡದವನು ಈ ಆಲ್ಬಮ್ಮಿಗೆ ಮಾತ್ರ ಆಸೆಪಟ್ಟಿದ್ದ. ಅವನಿಲ್ಲದೆ ಅದು ಬಂದರೆ ನಾನು ಅವನ ಮುಖ ಹೇಗೆ ನೋಡುವುದು? ಆದರೂ ಬೇರೆಯವನನ್ನು ಕರೆಸುತ್ತೇವೆ ಎಂದು ಅಣ್ಣನಿಗೆ ಹೇಳಿದೆ. ಸುಸ್ತಾಗಿದ್ದೆ, ಮುಗಿದರೆ ಸಾಕಾಗಿತ್ತು. ಅದೇ ನಿಜ, ಬೇರೆ ಬಣ್ಣ ಹಚ್ಚುವುದಿಲ್ಲ.

ಅಣ್ಣ ಮೆಟ್ಟಿಲ ಮೇಲೆ ಕೂತು ಶೂ ಕಟ್ಟಿಕೊಳ್ಳುತ್ತಿದ್ದ. ತಲೆ ಎತ್ತಲಿಲ್ಲ.

"ಎಷ್ಟು ತಪ್ತಿದೆ?" ಅಂದ.

"ಸ್ವಲ್ಪಾನೇ."

"ಸ್ವಲ್ಪ ತಪ್ಪಿದ್ರೂ ಬಾಗಿಲು ಕೂರಲ್ಲ" ಎಂದು ಎದ್ದು ಹೋದ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಎರಡು ದಿನ ಬಿಟ್ಟು ಬಾಡಿಗೆಯವನು ಬಂದ. ಪಾಪ, ಒಳ್ಳೆಯವನೇ, ಕೆಲಸ ಬಲ್ಲವನು. ಒಮ್ಮೆ ಕೇಳಿ ಎರಡನೆಯ ಸಲಕ್ಕೆ ಗಡಿಯಾರದ ಹಾಗೆ ಬಾರಿಸಿದ. ಕಿವಿರಾಯ ಮೊದಲ ಬಾರಿಗೆ ನಕ್ಕ. ಆದರೆ ಆ ಎರಗುವ ಜಾಗ ಬಂದಾಗ ಡ್ರಮ್ಸ್ ಒಂದೇ ಎರಗಿತು. ನಾವಿಬ್ಬರೂ ಹಿಂದೆ ಉಳಿದೆವು. ಮತ್ತೆ ಮಾಡಿದೆವು, ಮತ್ತೆ ಅದೇ. ಐದನೆಯ ಸಲಕ್ಕೆ ಕಿವಿರಾಯ ಪರದೆಯನ್ನು ನಮ್ಮ ಕಡೆ ತಿರುಗಿಸಿದ. ಡ್ರಮ್ಸಿನ ಗೀಟು ಕ್ಲಿಕ್ಕಿನ ಮೇಲೆ ಕೂತಿತ್ತು. ತಡವಾದದ್ದು ನನ್ನ ಗೀಟು, ನನ್ನ ಗಂಡನ ಗೀಟು.

ನಾವು ಮುಖ ಮುಖ ನೋಡಿಕೊಂಡೆವು. ಗಂಡ ಗಿಟಾರ್ ಕೆಳಗಿಟ್ಟ.

"ನಾನು ಅಲ್ಲಿ ಎಣಿಸೋದೇ ಇಲ್ಲ ಕಣೆ" ಅಂದ. "ಭಾವನ್ನ ನೋಡ್ತೀನಿ. ಆ ಪೆಟ್ಟಿಗೆ ಮುಂಚೆ ಅವರ ಎಡಭುಜ ಮೇಲಕ್ಕೆ ಹೋಗತ್ತೆ. ಅದು ಇಳಿಯುವಾಗ ನಾನು ಹೊಡೀತೀನಿ."

ನಾನೂ ಮಾಡುತ್ತಿದ್ದದ್ದು ಅದನ್ನೇ. ಇಪ್ಪತ್ತೆರಡು ವರ್ಷ ಒಂದೇ ಭುಜ ನೋಡಿಕೊಂಡು ಬದುಕಿದ್ದೆವು, ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ನಾನೇ ಹಗ್ಗ ಬಿಗಿದು ಹಾಸಿಗೆ ಅಡ್ಡ ಕಟ್ಟಿದ್ದೆ. ಭುಜ ಕಾಣದೆ ನಾವು ತಡಮಾಡಿದ್ದೆವು. ನಾವು ಬರಲಿಲ್ಲವೆಂದು ಅಣ್ಣ ಕಾದಿದ್ದ, ಆಮೇಲೆ ಕ್ಲಿಕ್ ಹಿಡಿಯಲು ಓಡಿದ್ದ. ಪರದೆಯಲ್ಲಿ ನಾವು ನೋಡಿದ್ದು ಅವನ ಗೀಟೊಂದನ್ನೇ. ನಮ್ಮದನ್ನು ಯಾರೂ ನೋಡಿರಲಿಲ್ಲ, ನೋಡಬೇಕು ಅಂತ ಹೊಳೆದೂ ಇರಲಿಲ್ಲ.

ಬಾಡಿಗೆಯವನಿಗೆ ಕೈಮುಗಿದು ಕಳಿಸಿ, ಅಣ್ಣನಿಗೆ ಫೋನು ಮಾಡಿದೆ. ತಪ್ಪು ನಮ್ಮದು, ನಾಳೆ ಬಾ ಎಂದಷ್ಟೇ ಹೇಳಲು ಬಾಯಿ ಬಂತು.

ಮಾರನೆಯ ಬೆಳಗ್ಗೆ ನಮಗಿಂತ ಮೊದಲೇ ಬಂದು ಬಾಗಿಲಲ್ಲಿ ನಿಂತಿದ್ದ. ಮುಖದಲ್ಲಿ ಕಳೆಯಿತ್ತು. ಮೂರು ದಿನ ಫೋನಿನಲ್ಲಿ ಕ್ಲಿಕ್ ಹಾಕಿ, ಅದನ್ನು ಕಿವಿಗೆ ಸಿಕ್ಕಿಸಿಕೊಂಡೇ ಮರ ಹೆರೆದನಂತೆ, ಅದನ್ನು ಹಾಕಿಕೊಂಡೇ ಮಲಗಿದನಂತೆ. ಕನ್ನಡಿ ಮುಂದೆ ಕೂತು ನೋಡಿದನಂತೆ, ಮೈ ತುಂಬ ಅಲ್ಲಾಡುತ್ತದಂತೆ, ಅದಕ್ಕೇ ಕೈ ತಪ್ಪುತ್ತಿತ್ತು ಅಂತ ಅವನ ಲೆಕ್ಕ. ಈಗ ಅಲ್ಲಾಡುವುದನ್ನು ನಿಲ್ಲಿಸಿದ್ದೇನೆ ಅಂದ.

ಹಾಸಿಗೆ ತೆಗೆದೆವು. ಗಾಜು ಅದುರಿದರೆ ಅದುರಲಿ ಎಂದು ಕಿವಿರಾಯನ ಬಾಯಿ ಮುಚ್ಚಿಸಿದೆ. ಹಾಡು ಶುರುವಾಯಿತು. ಗಾಜಿನ ಆಚೆ ಅಣ್ಣ ಕಂಬದ ಹಾಗೆ ಕೂತಿದ್ದ, ಮುಂಗೈ ಮಾತ್ರ ಆಡುತ್ತಿತ್ತು. ಆ ಜಾಗ ಬಂತು. ಭುಜ ಏಳಲಿಲ್ಲ. ಪೆಟ್ಟು ಸರಿಯಾಗಿ ಕ್ಲಿಕ್ಕಿನ ಮೇಲೆ ಬಿತ್ತು, ನಾವಿಬ್ಬರೂ ಬಾಯಿಬಿಟ್ಟುಕೊಂಡು ನಿಂತಿದ್ದೆವು.

ಆಗ ನಾನು ಹೇಳಬಾರದಿತ್ತು. ಹೇಳಿಬಿಟ್ಟೆ. ಒಳಗೆ ಹೋಗಿ, ಅಲ್ಲಿ ಭುಜ ಎತ್ತು ಅಣ್ಣ, ನಾವು ಅದನ್ನು ನೋಡಿಯೇ ಬರುವುದು ಎಂದೆ.

"ನಾನು ಭುಜ ಎತ್ತುತ್ತೀನಾ?" ಅಂದ. ಅವನಿಗೆ ಗೊತ್ತೇ ಇರಲಿಲ್ಲ.

ಮುಂದಿನ ಟೇಕಿನಲ್ಲಿ ಎತ್ತಿದ. ತರಗತಿಯಲ್ಲಿ ಉತ್ತರ ಗೊತ್ತಿರುವ ಹುಡುಗನ ಹಾಗೆ, ಬೇಗ, ಜೋರಾಗಿ. ನನ್ನ ಗಂಡ ನಕ್ಕು ಹಾಡು ಕೆಡಿಸಿದ. ಅದರ ಮುಂದಿನದರಲ್ಲಿ ಅಣ್ಣ ಭುಜದ ಮೇಲೆ ಗಮನವಿಟ್ಟು ಕಾಲಿನ ಪೆಟ್ಟು ಮರೆತ. ಆಮೇಲೆ ನಿಧಾನವಾಗಿ ಎತ್ತಿದ, ಇಳಿಸಲು ಮರೆತ. ಏಳೆಂಟು ಸಲ ಆಯಿತು. ಯಾವುದರಲ್ಲೂ ಆ ಮೊದಲಿನ ಭುಜ ಇರಲಿಲ್ಲ.

"ಇದೆಲ್ಲ ಬೇಡ" ಅಂದ ಅಣ್ಣ, ಬೆವರು ಒರೆಸಿಕೊಂಡು. "ನಾನು ಕ್ಲಿಕ್ ಹಿಡೀತೀನಿ. ನೀವೂ ಅದನ್ನೇ ಹಿಡ್ಕೊಳ್ಳಿ."

ಹಿಡಿದುಕೊಂಡೆವು. ತಲೆ ಬಗ್ಗಿಸಿ, ಒಂದು ಎರಡು ಮೂರು ಎಂದು ಎಣಿಸಿಕೊಂಡು ಮೂವರೂ ಒಟ್ಟಿಗೆ ಎರಗಿದೆವು. ಎರಡು ಟೇಕಿನಲ್ಲಿ ಹಾಡು ಮುಗಿಯಿತು. ಕೂದಲೆಳೆಯಷ್ಟೂ ತಪ್ಪಿಲ್ಲ ಎಂದ ಕಿವಿರಾಯ. ಉಳಿದ ಹಾಡುಗಳೂ ಹೀಗೇ ಆದರೆ ವಾರದಲ್ಲಿ ಮುಗಿಸಬಹುದಂತೆ. ಆಲ್ಬಮ್ಮಿನಲ್ಲಿ ಅಣ್ಣ ಉಳಿದ. ನನಗೆ ಬೇಕಾಗಿದ್ದದ್ದೂ ಅದೇ ತಾನೆ? ಆದರೂ ಆ ಎರಡು ಟೇಕಿನಲ್ಲಿ ನಾನು ಒಮ್ಮೆಯೂ ಗಾಜಿನ ಕಡೆ ತಲೆ ಎತ್ತಿರಲಿಲ್ಲ.

ಅಣ್ಣ ಹಾಡನ್ನು ಎರಡು ಸಲ ಕೇಳಿದ. ಖುಷಿಯಾಗಿದ್ದ, ಮುಖ ನೋಡಿದರೇ ಗೊತ್ತಾಗುತ್ತಿತ್ತು. ಆಮೇಲೆ ಕಡ್ಡಿಗಳನ್ನು ಚೀಲಕ್ಕೆ ಹಾಕುತ್ತ, ಸ್ವಲ್ಪ ನಾಚಿಕೊಂಡು ಕೇಳಿದ.

"ಮುಂಚೆ ಹೇಗೆ ಎತ್ತುತ್ತಿದ್ದೆ? ಒಂದ್ಸಲ ತೋರಿಸು ನೋಡೋಣ."

ನಮ್ಮ ಹಳೆಯ ಫೋಟೊಗಳಲ್ಲೆಲ್ಲ ಅವನು ನಮ್ಮ ಬೆನ್ನ ಹಿಂದೆ ಮರೆಯಾಗಿದ್ದಾನೆ, ತೋರಿಸಲು ಒಂದೂ ಇಲ್ಲ. ನಾನು ಎಡಭುಜ ಎತ್ತಿ ಇಳಿಸಿದೆ. ಹಾಗಲ್ಲ ಕಣೆ ಎಂದು ನನ್ನ ಗಂಡ ಎದ್ದುನಿಂತು ತಾನೂ ಎತ್ತಿ ತೋರಿಸಿದ. ಅಣ್ಣ ಒಮ್ಮೆ ನನ್ನನ್ನು, ಒಮ್ಮೆ ಅವನನ್ನು ಕುತೂಹಲದಿಂದ ನೋಡುತ್ತಿದ್ದ. ಇಬ್ಬರದೂ ಅವನದರ ಹಾಗಿರಲಿಲ್ಲ.