ದೇಸೂರ ದಾಟುವ ದಾರಿ

ಒಳದಾರಿಯಲ್ಲಿ ಮೋಟಾರ್‌ಸೈಕಲ್ ಓಡಿಸುವವರು ಅಂಜಬೇಕಾದದ್ದು ತಗ್ಗುಗುಂಡಿಗಳಿಗಲ್ಲ, ನೆಂಟರಿಗೆ. ಹೆದ್ದಾರಿಯ ಬದಿಗೆ ಯಾರ ಅತ್ತೆಮನೆಯೂ ಇರುವುದಿಲ್ಲ. ಒಳಗೆ ಹೊಕ್ಕರೆ ಊರಿಗೊಬ್ಬ ಬೀಗ. ನಿಲ್ಲದೆ ಹೋದರೆ ವರ್ಷಗಟ್ಟಲೆ ಮುನಿಸು.

ಬೆಳಗಾವಿಯ ಖಾಸಬಾಗದಲ್ಲಿ ಪ್ಲೈವುಡ್ ಅಂಗಡಿ ಇಟ್ಟಿರುವ ನಾಗಲಿಂಗನಿಗೆ ಇದು ತಡವಾಗಿ ತಿಳಿಯಿತು. ಹೋದ ವರ್ಷ ಗೆಳೆಯರ ಜೊತೆ ಸವಾರಿ ಹೊರಟಾಗ, ದೇಸೂರಿನಲ್ಲಿ ಅಕ್ಕ ಕಾಶವ್ವ ಅಂಗಳದಲ್ಲಿ ರಂಗೋಲಿ ಹಾಕುತ್ತಿದ್ದಳು. ತಮ್ಮನ ಗಾಡಿಯ ಸದ್ದು ಕೇಳಿ ಕೈಯೆತ್ತಿದಳು. ಇವನೋ, ಮನೆ ಬಿಟ್ಟು ಇನ್ನೂ ಅರ್ಧ ತಾಸಾಗಿಲ್ಲ, ಇಷ್ಟರಲ್ಲೇ ಎಂಥ ಚಹಾ ಎಂದುಕೊಂಡು ಹಾರ್ನ್ ಹೊಡೆದು ಮುಂದೆ ಹೋದ. ಆಮೇಲೆ ನಾಗರಪಂಚಮಿಗೆ ಅಕ್ಕನನ್ನು ಕರೆತರಲು ತಾನೇ ಹೋಗುವುದು ಬಿಟ್ಟು ಫೋನ್ ಮಾಡಿದ. ಅದು ಎರಡನೆಯ ತಪ್ಪು. ಹೆಣ್ಣುಮಗಳು ಫೋನಿಗೆ ತವರಿಗೆ ಬರುತ್ತಾಳೆಯೇ? ಕಾಶವ್ವ ಬರಲಿಲ್ಲ. ಅಂದಿನಿಂದ ಮಾತೂ ಇಲ್ಲ. ತಂದೆತಾಯಿ ಹೋದ ಮೇಲೆ ಆಕೆಗೆ ತವರೆಂದರೆ ಇವನೊಬ್ಬನೇ, ಇವನಿಗೆ ಒಡಹುಟ್ಟೆಂದರೆ ಆಕೆಯೊಬ್ಬಳೇ.

ಈ ಸಲ ಎಂಟು ಗಾಡಿಗಳ ತಂಡ ಕೊಲ್ಲೂರಿಗೆ ಹೊರಡುವುದಿತ್ತು. ಭಾನುವಾರ ಅಂಗಡಿಯಲ್ಲಿ ತಂಡದ ಗೆಳೆಯ ಬಾಳಾಸಾಹೇಬ ಒಂದು ಹಲಗೆಯ ಮೇಲೆ ಸೀಮೆಸುಣ್ಣದಿಂದ ದಾರಿ ಗೀಚಿದ: ದೇಸೂರ, ಖಾನಾಪುರ, ಲೋಂಡಾ, ಅಲ್ಲಿಂದ ಜೋಯಿಡಾದ ಕಾಡು, ಕಾರವಾರ. ನಾಗಲಿಂಗ ಅಂಗೈಯಿಂದ ದೇಸೂರನ್ನು ಒರೆಸಿದ.

"ಖಾನಾಪುರತನಕ ಹೈವೇ ಹಿಡಿಯೂಣು. ಒಳದಾರಿ ಮುಂದ ಇದ್ದ ಐತಿ."

"ಹೈವೇ ಮ್ಯಾಲ ಹೋಗಾಕ ಗಾಡಿ ಯಾಕ ಬೇಕ್ರಿ ಅಣ್ಣಾ, ಬಸ್ ಅದಾವಲ್ಲ?" ಎಂದಳು ರಸಿಕಾ. ಗೆಳೆಯ ಅವಧೂತನ ಹೆಂಡತಿ. ಗಂಡನಿಗಿಂತ ಚೆನ್ನಾಗಿ ಗಾಡಿ ಓಡಿಸುವವಳು.

"ಆ ದಾರಿ ಭಾಳ ಕೆಟ್ಟೈತಿ, ವೈನಿ."

"ಖರೇ ಹೇಳಲೇ ನಾಗ್ಯಾ," ಬಾಳಾಸಾಹೇಬ ನಕ್ಕ. "ಹುಲಿ ಇರೂ ಕಾಡಿಗೆ ಅಂಜೂದಿಲ್ಲ, ಅಕ್ಕನ ಅಂಗಳಕ್ಕ ಅಂಜತಿ."

ರಸಿಕಾ ಹೆಲ್ಮೆಟ್ ಎತ್ತಿಕೊಂಡಳು. "ನಡ್ರಿ, ಖಾನಾಪುರತನಕ ಹೋಗಿ ಆ ದಾರಿ ನೋಡ್ಕೊಂಡ ಬರೂಣು."

ಯಾವಾಗಲೂ ಮುಂದಿರುತ್ತಿದ್ದ ನಾಗಲಿಂಗ ಅಂದು ಎಲ್ಲರ ಹಿಂದೆ ಉಳಿದ. ಗೆಳೆಯರ ಎದುರು ಅಕ್ಕ ಬಾಗಿಲು ಹಾಕಿಕೊಂಡರೆ ಏನು ಗತಿ? ದೇಸೂರಿನಲ್ಲಿ ಮುಂದಿನ ಎರಡು ಗಾಡಿಗಳು ಮನೆ ದಾಟಿಹೋದವು. ಕಾಶವ್ವ ಕಟ್ಟೆಯ ಮೇಲೆ ಕುಳಿತು ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ. ನಾಗಲಿಂಗ ಗಾಡಿ ಬಂದ್ ಮಾಡಿ ಹೆಲ್ಮೆಟ್ ತೆಗೆದ.

"ಗಾಡಿ ಕೆಟ್ಟೈತೇನು?" ಮೆಣಸಿನಕಾಯಿಯನ್ನು ಕೇಳುವಂತೆ ಕೇಳಿದಳು.

"ಇಲ್ಲಕ್ಕಾ. ನಿನ್ನ ಕರಿಯಾಕ ಬಂದೇನಿ."

"ಪಂಚಮಿ ಮುಗದು ಉಂಡಿ ಬೂಸರ ಹಿಡದ್ವು. ಈಗ ನೆನಪಾತೇನು?"

"ಹಬ್ಬ ಮುಗದೈತಿ. ತವರ ಮುಗದಿಲ್ಲಲ್ಲ?"

ಕಾಶವ್ವ ಮೊರದಲ್ಲಿನ ಮೆಣಸಿನಕಾಯಿಯನ್ನು ಒಮ್ಮೆ ಅಲುಗಿಸಿದಳು. ಘಾಟಿಗೋ ಏನೋ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ರಸ್ತೆಯ ಕಡೆ ಕತ್ತು ಚಾಚಿದಳು.

"ಆ ಗಿಡದ ಬುಡಕ ಕಳ್ಳರಂಗ ನಿಂತಾರಲ್ಲ, ನಿಮ್ಮವರೇನು? ಅವರಿಗೆ ಬ್ಯಾರೆ ಅಕ್ಷತಿ ಕೊಡಬೇಕೇನು? ಕರಿ, ಚಾ ಮಾಡ್ತೇನಿ."

ನಾಗಲಿಂಗ ಕಟ್ಟೆಯ ಮೇಲೆ ಕುಳಿತ. ಎದೆಯ ಮೇಲಿನ ಮೂಟೆ ಇಳಿದ ಹಾಗಾಯಿತು. ಗೆಳೆಯರಿಗೆ ಬರುವಂತೆ ಕೈಬೀಸಿದ.

ಚಹಾ ಕುಡಿಯುತ್ತಾ ಕೊಲ್ಲೂರಿನ ವಿಷಯ ಬಂತು. ಕಾಶವ್ವ ತೀರ್ಪು ಕೊಟ್ಟಳು: "ಹೊರಡೂ ದಿನ ನಿಂದರಬ್ಯಾಡ್ರಿ. ಮುಂಜಾನಿ ಎಂಟ ಮಂದಿಗೆ ಹಾಲ ಎಲ್ಲಿಂದ ತರ್ಲಿ? ತಿರುಗಿ ಬರೂವಾಗ ಊಟಕ್ಕ ಬರ್ರಿ. ಲೋಂಡಾದಾಗ ನಮ್ಮ ಮೈದುನನ ಹೇಂತಿ ತವರಮನಿ ಐತಿ, ಅಲ್ಲಿ ಮಾತ್ರ ನಿಂತ ಹೋಗ್ರಿ."

"ಹಿಂಗಾದ್ರ ಕೊಲ್ಲೂರ ಮುಟ್ಟೂದು ಮುಂದಿನ ವರ್ಷ," ಎಂದು ಬಾಳಾಸಾಹೇಬ ಹಣೆ ಹಿಡಿದುಕೊಂಡ.

"ನೀವ ಹೋಗಿ ದಾರಿ ನೋಡ್ರಿ," ಎಂದ ನಾಗಲಿಂಗ. "ನನಗ ಬೆಳಗಾವಿಗೆ ತಿರುಗಿ ಹೋಗೂದೈತಿ."

ಅಷ್ಟರಲ್ಲಿ ಕಾಶವ್ವ ಸೀರೆ ಬದಲಿಸಿ, ಕೈಚೀಲ ಹಿಡಿದು ಹೊರಗೆ ಬಂದಿದ್ದಳು. ಗಾಡಿಯ ಹಿಂದೆ ಒಂದೇ ಬದಿಗೆ ಕುಳಿತು ತಮ್ಮನ ಹೆಗಲನ್ನು ಭದ್ರವಾಗಿ ಹಿಡಿದಳು.

"ಸಾವಕಾಶ ಹೊಡಿ."

ಅವನು ಎಷ್ಟು ಸಾವಕಾಶ ಹೊಡೆದನೆಂದರೆ, ಕಬ್ಬು ಹೇರಿದ ಟ್ರ್ಯಾಕ್ಟರ್ ಒಂದು ಅವರನ್ನು ದಾಟಿಹೋಯಿತು. ಹೋಗಲಿ ಎಂದು ಬಿಟ್ಟ.